ದಂಡಿನಲ್ಲೊಂದು ಧರ್ಮದ ಶಾಲೆ

ವಿಧಾನಸೌಧಕ್ಕೆ ಎದುರಾಗಿ, ಕಬ್ಬನ್ ಪಾರ್ಕಿನ ಅಂಚಿಗೆ ಚಾಚಿಕೊಂಡಿರುವ ಕೆಂಪು ಕಟ್ಟಡ ಅಠಾರಾ ಕಚೇರಿ. ಟಿಪ್ಪುವಿನ ಬೇಸಿಗೆ ಅರಮನೆಯಲ್ಲಿ ಇಕ್ಕಟ್ಟಿನಲ್ಲಿ ನಡೆಯುತ್ತಿದ್ದ ಸರ್ಕಾರಿ ಇಲಾಖೆಗಳಿಗೆ ಬೇರೆ ಜಾಗ ಬೇಕೆಂದು 1864ರಲ್ಲಿ ಶುರುವಾದ ಕೆಲಸ 1868ಕ್ಕೆ ಮುಗಿಯಿತು. ಆ ಕಟ್ಟಡದ ಮಾತು ಬಂದಾಗಲೆಲ್ಲ ಕಮಿಷನರ್ ಬೌರಿಂಗ್, ಎಂಜಿನಿಯರ್ ಸ್ಯಾಂಕಿ ಇಬ್ಬರ ಹೆಸರೂ ಬರುತ್ತವೆ. ಬೌರಿಂಗರ ಹೆಸರು ಆಸ್ಪತ್ರೆಗೆ ಉಳಿಯಿತು, ಸ್ಯಾಂಕಿಯವರ ಹೆಸರು ಕೆರೆಗೆ ಉಳಿಯಿತು. ಕಲ್ಲು ಗಾರೆ ಹೊಂದಿಸಿ, ಆಳು ಕೂಡಿಸಿ, ಕಟ್ಟಡವನ್ನು ಎಬ್ಬಿಸಿ ನಿಲ್ಲಿಸಿದ ಗುತ್ತಿಗೆದಾರರು ಆರ್ಕಾಟ್ ನಾರಾಯಣಸ್ವಾಮಿ ಮೊದಲಿಯಾರರು. ಅವರ ಹೆಸರು ಉಳಿದದ್ದು ಒಂದು ಶಾಲೆಗೆ. ಅದೂ ಪೂರ್ತಿಯಾಗಿ ಉಳಿದಿಲ್ಲ. ಐದು ಇಂಗ್ಲಿಷ್ ಅಕ್ಷರಗಳಾಗಿ ಕುಗ್ಗಿ, ಆರ್‌ಬಿಎಎನ್‌ಎಂ ಎಂದಾಗಿ ಉಳಿದಿದೆ. ಹಲಸೂರಿನಿಂದ ಶಿವಾಜಿನಗರದವರೆಗೆ ಯಾವ ಆಟೋ ಚಾಲಕರನ್ನು ಕೇಳಿದರೂ ಗಂಗಾಧರ ಚೆಟ್ಟಿ ರಸ್ತೆಯ ಆರ್‌ಬಿಎಎನ್‌ಎಂ ಮೈದಾನ ಗೊತ್ತು. ಆ ಅಕ್ಷರಗಳ ಹಿಂದೆ ರಾಯ್ ಬಹಾದ್ದೂರ್ ಆರ್ಕಾಟ್ ನಾರಾಯಣಸ್ವಾಮಿ ಮೊದಲಿಯಾರ್ ಎಂಬ ಮನುಷ್ಯರಿದ್ದಾರೆಂದು ಅಲ್ಲಿ ಓದಿದ ಮಕ್ಕಳಲ್ಲೇ ಎಷ್ಟು ಮಂದಿಗೆ ಗೊತ್ತೋ!

ಮೊದಲಿಯಾರರು ಹುಟ್ಟಿದ್ದು 1827ರಲ್ಲಿ, ಬಡ ಮನೆಯಲ್ಲಿ. ಸಣ್ಣ ವ್ಯಾಪಾರದಿಂದ ಕೈಕುದುರಿಸಿಕೊಂಡು, ಗುತ್ತಿಗೆ ಕೆಲಸಗಳಿಗೆ ಇಳಿದು, ದಂಡಿನ (ಕಂಟೋನ್ಮೆಂಟಿನ) ಪ್ರಮುಖ ಸಿರಿವಂತರಲ್ಲಿ ಒಬ್ಬರಾದರು. ಬ್ರಿಟಿಷ್ ಸರ್ಕಾರ ರಾಯ್ ಬಹಾದ್ದೂರ್ ಎಂದಿತು, ಮೈಸೂರಿನ ದೊರೆಗಳು ಧರ್ಮರತ್ನಾಕರ ಎಂದರು. ಬಿರುದುಗಳು ಆ ಕಾಲದಲ್ಲಿ ಬಹಳ ಮಂದಿಗೆ ಸಿಕ್ಕಿವೆ. ಅಠಾರಾ ಕಚೇರಿ ಮುಗಿದ ಐದು ವರ್ಷಕ್ಕೆ, ಅಂದರೆ 1873ರಲ್ಲಿ, ಅವರು ಬಡ ಮಕ್ಕಳಿಗಾಗಿ ಶಾಲೆ ತೆರೆದರು. ಈ ಲೇಖನಕ್ಕೆ ಬೇಕಾದ ಇಸವಿ ಅದು.

ಆ ಹೊತ್ತಿನ ದಂಡು ಹೇಗಿತ್ತೆಂದು ತಿಳಿಯದೆ ಆ ಶಾಲೆಯ ಬೆಲೆ ತಿಳಿಯುವುದಿಲ್ಲ. ಶ್ರೀರಂಗಪಟ್ಟಣದ ಹವೆ ಒಗ್ಗದೆ ಬ್ರಿಟಿಷ್ ಪಡೆ 1809ರಲ್ಲಿ ಹಲಸೂರಿನ ಪಕ್ಕದ ಬಯಲಿಗೆ ಬಂದು ನೆಲೆಯೂರಿತು. ಹಲಸೂರು ಅದಕ್ಕಿಂತ ಬಹಳ ಹಳೆಯ ಊರು. ಸೋಮೇಶ್ವರ ದೇವಸ್ಥಾನ, ಕೆರೆ, ಕೆರೆಯ ಬಳಿ ಕೆಂಪೇಗೌಡರ ಗಡಿ ಗೋಪುರ, ಎಲ್ಲವೂ ದಂಡಿಗಿಂತ ಮೊದಲೇ ಇದ್ದವು. ಪಡೆಯ ಹಿಂದೆಯೇ ಪಡೆಗೆ ಬೇಕಾದವರೆಲ್ಲ ಬಂದರು. ಆರ್ಕಾಟು, ವೇಲೂರು, ಮದರಾಸಿನ ಕಡೆಯಿಂದ ವರ್ತಕರು, ಅಡುಗೆಯವರು, ಬಟ್ಲರುಗಳು, ದರ್ಜಿಗಳು, ಕುದುರೆಲಾಯದ ಆಳುಗಳು, ಗುಮಾಸ್ತರು ಬಂದು ಇಳಿದರು. ದಖ್ಖನಿ ಉರ್ದು ಆಡುವ ಕುಟುಂಬಗಳು, ಕಚ್ಛಿ ಮೇಮನ್ ವರ್ತಕರು, ತೆಲುಗರು ಬಂದರು. 1864ರಲ್ಲಿ ಜೋಲಾರಪೇಟೆಯಿಂದ ದಂಡು ನಿಲ್ದಾಣಕ್ಕೆ ರೈಲು ಬಂದ ಮೇಲಂತೂ ಮದರಾಸು ಇನ್ನೂ ಹತ್ತಿರವಾಯಿತು. 1891ರ ಜನಗಣತಿಯಲ್ಲಿ ಪೇಟೆಯ ಕಡೆಯ ಬೆಂಗಳೂರಿನಲ್ಲಿ 80,285 ಜನ ಇದ್ದರೆ ದಂಡಿನಲ್ಲಿ 1,00,081 ಜನ. 1881ರಲ್ಲಿ ಮೈಸೂರನ್ನು ಒಡೆಯರಿಗೆ ಮರಳಿಸಿದಾಗಲೂ ದಂಡನ್ನು ಮಾತ್ರ ಬ್ರಿಟಿಷರು ತಮ್ಮಲ್ಲೇ ಇಟ್ಟುಕೊಂಡರು. ಒಂದೇ ಊರಿಗೆ ಎರಡು ಸರ್ಕಾರ, ಎರಡು ಮುನಿಸಿಪಾಲಿಟಿ.

ಇಷ್ಟು ಜನರ ಮಕ್ಕಳು ಓದುವುದೆಲ್ಲಿ? ದಂಡಿನಲ್ಲಿ ಶಾಲೆಗಳಿಗೆ ಬರವಿರಲಿಲ್ಲ. 1854ರಲ್ಲಿ ಗುಡ್ ಶೆಫರ್ಡ್ ಸನ್ಯಾಸಿನಿಯರು ಬಂದಿದ್ದರು, 1858ರಲ್ಲಿ ಸೇಂಟ್ ಜೋಸೆಫ್, 1865ರಲ್ಲಿ ಬಿಷಪ್ ಕಾಟನ್, ಆಮೇಲೆ 1880ರಲ್ಲಿ ಬಾಲ್ಡ್‌ವಿನ್. ಇವುಗಳ ಬಾಗಿಲು ಮುಖ್ಯವಾಗಿ ತೆರೆದಿದ್ದದ್ದು ಯುರೋಪಿಯನ್ ಮತ್ತು ಆಂಗ್ಲೋ-ಇಂಡಿಯನ್ ಮಕ್ಕಳಿಗೆ. ಸೇಂಟ್ ಜೋಸೆಫ್‌ನ ಕಥೆಯೇ ಇದಕ್ಕೆ ಸಾಕ್ಷಿ. ಅಲ್ಲಿ ಯುರೋಪಿಯನ್ ವಿಭಾಗ, ಭಾರತೀಯ ವಿಭಾಗ ಎಂದು ಬೇರೆ ಬೇರೆಯಾಗಿ, 1904ರಲ್ಲಿ ಸೇಂಟ್ ಜೋಸೆಫ್ಸ್ ಇಂಡಿಯನ್ ಹೈಸ್ಕೂಲ್ ಪ್ರತ್ಯೇಕವಾಗಿಯೇ ನಿಂತಿತು. ಶಾಲೆಯ ಫಲಕದ ಮೇಲಿನ ಆ 'ಇಂಡಿಯನ್' ಇಂದಿಗೂ ಅಲ್ಲೇ ಇದೆ. ಈಗ ಓದುವವರಿಗೆ ಅದು ದೇಶಾಭಿಮಾನದ ಮಾತಿನಂತೆ ಕಾಣಬಹುದು. ಇಟ್ಟಾಗ ಅದು ಪಂಕ್ತಿಭೇದದ ಗುರುತು.

ಮಿಷನರಿಗಳು ದೇಶೀಯ ಮಕ್ಕಳಿಗಾಗಿಯೂ ಶಾಲೆ ನಡೆಸುತ್ತಿದ್ದರು, ಚೆನ್ನಾಗಿಯೇ ನಡೆಸುತ್ತಿದ್ದರು. ಹೆಣ್ಣುಮಕ್ಕಳ ಓದಿಗೆ 1855ರ ಗುಡ್‌ವಿಲ್ಸ್ ಶಾಲೆ ಮಾಡಿದ ಉಪಕಾರವನ್ನು ಮರೆತು ದಂಡಿನ ಶಿಕ್ಷಣದ ಇತಿಹಾಸ ಬರೆಯಲಾಗದು. ಆದರೆ ಅಲ್ಲಿ ಇಂಗ್ಲಿಷಿನ ಜೊತೆ ಬೈಬಲ್ಲೂ ಬರುತ್ತಿತ್ತು, ಅದಕ್ಕೆ ಅಂಜಿದ ತಂದೆತಾಯಿಯರು ಮಕ್ಕಳನ್ನು ಮನೆಯಲ್ಲೇ ಉಳಿಸಿಕೊಳ್ಳುತ್ತಿದ್ದರು. ಇನ್ನೊಂದು ಕಡೆ, ಇಂಗ್ಲಿಷ್ ಬಾರದೆ ದಂಡಿನಲ್ಲಿ ಗುಮಾಸ್ತಿಕೆಯೂ ಹುಟ್ಟುತ್ತಿರಲಿಲ್ಲ. ಸಾಹೇಬರ ಮಾತು ಕಿವಿಯಲ್ಲೇ ಕಲಿತ ಬಟ್ಲರನ ಮಗ ಬಟ್ಲರನೇ ಆಗುತ್ತಿದ್ದ. ಅವನು ಕಚೇರಿಯ ಕುರ್ಚಿಗೆ ಏರಬೇಕಾದರೆ ಬರೆಯಲು, ಲೆಕ್ಕ ಇಡಲು, ಮದರಾಸು ವಿಶ್ವವಿದ್ಯಾನಿಲಯದ ಪ್ರವೇಶ ಪರೀಕ್ಷೆಗೆ ಕೂರಲು ಬರಬೇಕಿತ್ತು. ಮೈಸೂರು ವಿಶ್ವವಿದ್ಯಾನಿಲಯ ಹುಟ್ಟಿದ್ದು 1916ರಲ್ಲಿ. ಅಲ್ಲಿಯವರೆಗೂ ಸೆಂಟ್ರಲ್ ಕಾಲೇಜು ಸೇರಿದಂತೆ ಬೆಂಗಳೂರಿನ ಮೇಲ್ಮಟ್ಟದ ಓದೆಲ್ಲ ಮದರಾಸಿನ ಕಡೆಗೇ ಮುಖ ಮಾಡಿತ್ತು. ಮನೆಯ ಧರ್ಮ ಕೆಡದೆ, ಕೈಯಿಂದ ದುಡ್ಡು ಬೀಳದೆ ಇಂಗ್ಲಿಷ್ ಕಲಿಯಲು ಒಂದು ಜಾಗ ಬೇಕಿತ್ತು. ಮೊದಲಿಯಾರರು ತುಂಬಿದ್ದು ಆ ಕೊರತೆಯನ್ನು. ತಾವು ಬಡತನದಿಂದ ಮೇಲೆ ಬಂದವರು. ಯಾವ ಮೆಟ್ಟಿಲು ಇಲ್ಲವೆಂಬುದು ಅವರಿಗೆ ಗೊತ್ತಿತ್ತು.

ಶಾಲೆಗೆ ಮೂರು ವರ್ಷ ತುಂಬುವ ಹೊತ್ತಿಗೆ ಧಾತು ಸಂವತ್ಸರದ ಬರ ಬಂತು. 1876ರಿಂದ 78ರವರೆಗೆ ಮೈಸೂರು ಸೀಮೆ ಕಂಡ ಸಾವುನೋವು ಹಿಂದೆಂದೂ ಕಂಡದ್ದಲ್ಲ. 1871ರ ಗಣತಿಯಲ್ಲಿ 50 ಲಕ್ಷ ಮೀರಿದ್ದ ಜನಸಂಖ್ಯೆ 1881ಕ್ಕೆ 42 ಲಕ್ಷಕ್ಕೆ ಇಳಿದಿತ್ತು. ಹಳ್ಳಿ ಬಿಟ್ಟವರು ಬೆಂಗಳೂರಿನ ಬೀದಿಗೆ ಬಂದು ಬಿದ್ದರು. ಆ ದಿನಗಳಲ್ಲಿ ಊರಿನ ಸಿರಿವಂತರು ಕೈ ಬಿಚ್ಚಿದ ಬಗೆಯನ್ನು ನೆನೆಯಬೇಕು. ವೀಳ್ಯದೆಲೆ ವ್ಯಾಪಾರದಲ್ಲಿ ಗಳಿಸಿದ ಎಲೆ ಮಲ್ಲಪ್ಪ ಶೆಟ್ಟರು ಕೃಷ್ಣರಾಜಪುರದ ಆಚೆ ಕೆರೆ ಕಟ್ಟಿಸಿದರು. ಹಳೇ ಮದರಾಸು ರಸ್ತೆಯಲ್ಲಿ ಹೋಗುವಾಗ ಇಂದಿಗೂ ಕಾಣುವ ಕೆರೆ ಅದು. ಒಬ್ಬರು ನೀರಿಗೆ ಹಣ ಹಾಕಿದರು, ಒಬ್ಬರು ಆಸ್ಪತ್ರೆಗೆ, ಒಬ್ಬರು ಅಕ್ಷರಕ್ಕೆ. ಕೆರೆಯನ್ನೂ ಆಸ್ಪತ್ರೆಯನ್ನೂ ಒಮ್ಮೆ ಕಟ್ಟಿಸಿಕೊಟ್ಟರೆ ಅರ್ಧ ಕೆಲಸ ಮುಗಿದಂತೆ. ಶಾಲೆ ಹಾಗಲ್ಲ. ತಿಂಗಳು ತಿಂಗಳು ಮೇಷ್ಟರಿಗೆ ಸಂಬಳ ಕೊಡಬೇಕು, ವರ್ಷ ವರ್ಷ ಹೊಸ ಮಕ್ಕಳನ್ನು ತುಂಬಿಕೊಳ್ಳಬೇಕು. ಕಟ್ಟಿಸಿದವರು ಕಣ್ಣು ಮುಚ್ಚಿದ ಮೇಲೂ ಅದು ನಡೆಯುತ್ತಿರಬೇಕು.

ಇಲ್ಲಿಯೇ ಮೊದಲಿಯಾರರ ವ್ಯಾಪಾರಿ ಬುದ್ಧಿ ಕೆಲಸ ಮಾಡಿದ್ದು. ಅವರ ತವರು ಸೀಮೆಯ ಕಡೆ ಎಲ್ಲರ ಬಾಯಲ್ಲೂ ಇದ್ದ ಒಂದು ಪ್ರಸಂಗವಿತ್ತು. ಮದರಾಸಿನ ಪಚ್ಚಯ್ಯಪ್ಪ ಮೊದಲಿಯಾರರು 1794ರಲ್ಲಿ ತೀರಿಕೊಳ್ಳುವ ಮುನ್ನ ಅಪಾರ ಆಸ್ತಿಯನ್ನು ಧರ್ಮಕ್ಕೆ ಬರೆದಿಟ್ಟಿದ್ದರು. ಆ ಹಣ ವ್ಯಾಜ್ಯದಲ್ಲಿ ಸಿಕ್ಕಿಕೊಂಡು, ಅದರಿಂದ ಒಂದು ಶಾಲೆ ಎದ್ದು ನಿಲ್ಲುವ ಹೊತ್ತಿಗೆ 1842 ಆಗಿತ್ತು. ಸುಮಾರು ಅರ್ಧ ಶತಮಾನ ಕೋರ್ಟಿನ ಕಟ್ಟೆಯಲ್ಲೇ ಕಳೆಯಿತು. ದಂಡಿನ ಮೊದಲಿಯಾರರಿಗೆ ಇದು ತಿಳಿದಿರದೆ ಇರಲಿಕ್ಕಿಲ್ಲ. ಅವರು ತಾವು ಬದುಕಿರುವಾಗಲೇ ಶಾಲೆ ತೆರೆದರು. ಅದನ್ನು ಸಾರ್ವಜನಿಕ ಧರ್ಮಸಂಸ್ಥೆಯಾಗಿ ಕಟ್ಟಿದರು. ದಾನ ಕೊಟ್ಟವರು ನಮ್ಮಲ್ಲಿ ಬಹಳ. ಕೊಟ್ಟ ದಾನಕ್ಕೆ ಬೇಲಿ ಹಾಕಿಟ್ಟು ಹೋದವರು ಕಡಿಮೆ. ಶಾಲೆ ಇಷ್ಟು ಕಾಲ ಉಳಿದದ್ದಕ್ಕೆ ನನ್ನ ಪ್ರಕಾರ ಆ ಬೇಲಿಯೇ ಮೊದಲ ಕಾರಣ. ಒಳ್ಳೆಯ ಮೇಷ್ಟರುಗಳು ಎರಡನೆಯದು.

1898ರ ಆಗಸ್ಟಿನಲ್ಲಿ ಬೆಂಗಳೂರಿಗೆ ಪ್ಲೇಗು ಕಾಲಿಟ್ಟಿತು. ಇಕ್ಕಟ್ಟಾದ ಬ್ಲ್ಯಾಕ್‌ಪಲ್ಲಿ (ಈಗಿನ ಶಿವಾಜಿನಗರ), ಹಲಸೂರುಗಳ ಗಲ್ಲಿಗಳಲ್ಲಿ ಸತ್ತವರೆಷ್ಟೋ, ಊರು ಬಿಟ್ಟವರೆಷ್ಟೋ. 1891ರಲ್ಲಿ ಲಕ್ಷ ದಾಟಿದ್ದ ದಂಡಿನ ಜನಸಂಖ್ಯೆ 1901ರಲ್ಲಿ 89,599ಕ್ಕೆ ಕುಸಿದಿತ್ತು. ಜನರನ್ನು ಬಯಲಿಗೆ ಹರಡಬೇಕೆಂದು ಆಮೇಲೆ ಫ್ರೇಜರ್ ಟೌನ್‌ನಂಥ ಬಡಾವಣೆಗಳು ಎದ್ದವು. ಶಾಲೆಗೆ ಬರುವ ಮಕ್ಕಳ ವಿಳಾಸಗಳೂ ಹಾಗೆಯೇ ಹರಡಿಕೊಂಡವು.

ಬಡಾವಣೆ ಬೆಳೆದಂತೆಲ್ಲ ಬಯಲು ಕರಗಿತು. ಹಾಗಾಗಿಯೇ ಆರ್‌ಬಿಎಎನ್‌ಎಂ ಮೈದಾನದ ಮಾತನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು. ದಂಡಿನ ಹುಡುಗರಿಗೆ ಪಾಠದಷ್ಟೇ ಮುಖ್ಯವಾದದ್ದು ಕಾಲ್ಚೆಂಡು. ಸೋಲ್ಜರುಗಳು ಆಡುವುದನ್ನು ನೋಡಿ ಕಲಿತ ಆಟ ಅದು. ಬೂಟು ಕೊಳ್ಳಲು ಕಾಸಿಲ್ಲದೆ ಬರಿಗಾಲಲ್ಲಿ ಆಡಿದ ಆಟ. ಸ್ವಾತಂತ್ರ್ಯ ಬಂದ ಮರುವರ್ಷ, 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಭಾರತ ತಂಡ ಫ್ರಾನ್ಸಿನ ಎದುರು 1-2ರಿಂದ ಸೋತಾಗ ನಮ್ಮ ಕಡೆಯ ಆ ಒಂದು ಗೋಲನ್ನು ಹೊಡೆದವರು ಬೆಂಗಳೂರಿನ ಎಸ್. ರಾಮನ್. ಅಹ್ಮದ್ ಖಾನ್ ಸೇರಿದಂತೆ ಬೆಂಗಳೂರಿನ ಇನ್ನೂ ಕೆಲವರು ಆ ತಂಡದಲ್ಲಿದ್ದರು. ಅವರೆಲ್ಲ ಈ ಶಾಲೆಯವರೆಂದು ಹೇಳುತ್ತಿಲ್ಲ. ಗೌತಮಪುರ, ಮರ್ಫಿ ಟೌನ್, ಆಸ್ಟಿನ್ ಟೌನಿನ ಮನೆಗಳಲ್ಲಿ ಹಿತ್ತಲೇ ಇಲ್ಲದಾಗ ಹುಡುಗರು ಆಡಲು ಎಲ್ಲಿಗೆ ಹೋಗಬೇಕಿತ್ತು ಎಂದು ಯೋಚಿಸಿದರೆ, ಶಾಲೆಯೊಂದು ಉಳಿಸಿಕೊಂಡ ಬಯಲು ಏನೆಂಬುದು ತಿಳಿಯುತ್ತದೆ. ಈಗ ವರ್ಷದಲ್ಲಿ ಕೆಲವು ದಿನ ಆ ಮೈದಾನದಲ್ಲಿ ವಸ್ತುಪ್ರದರ್ಶನಗಳು ನಡೆಯುತ್ತವೆ; ಸೀರೆ, ಕಾರ್ಪೆಟ್ಟು, ಮರದ ಕುರ್ಚಿಗಳ ಅಂಗಡಿಗಳು ಸಾಲಾಗಿ ನಿಲ್ಲುತ್ತವೆ. ಸಂಸ್ಥೆಗೆ ಆದಾಯ ಬೇಕು, ಒಪ್ಪಿದೆ. ಡೇರೆ ಕಿತ್ತ ಮಾರನೆಯ ದಿನ ಹುಡುಗರು ಮೊಳೆ ಆರಿಸಿ ಎಸೆದು ಆಟ ಶುರುಮಾಡುತ್ತಾರೆಂಬುದನ್ನೂ ಆಡಳಿತದವರು ಮರೆಯಬಾರದು.

1947ರ ಜುಲೈ 26ರಂದು, ಸ್ವಾತಂತ್ರ್ಯಕ್ಕೆ ಮೂರು ವಾರ ಇರುವಾಗ, ದಂಡು ಮೈಸೂರು ಸಂಸ್ಥಾನಕ್ಕೆ ಮರಳಿತು. 1949ರಲ್ಲಿ ಎರಡು ಮುನಿಸಿಪಾಲಿಟಿಗಳೂ ಕೂಡಿ ಒಂದೇ ಕಾರ್ಪೊರೇಷನ್ ಆಯಿತು. ಬ್ರಿಟಿಷ್ ರೆಸಿಡೆಂಟರ ಆಡಳಿತದಲ್ಲಿದ್ದ ಶಾಲೆಗಳು ಮೈಸೂರಿನ ಶಿಕ್ಷಣ ಇಲಾಖೆಯ ಲೆಕ್ಕಕ್ಕೆ ಬಂದವು. ಕಾಗದದ ಮೇಲೆ ಇದು ಇಲಾಖೆಯ ಬದಲಾವಣೆ. ತರಗತಿಯೊಳಗೆ ಮಾತ್ರ ಬಹು ದೊಡ್ಡ ತಿರುವು. ಅಲ್ಲಿಯವರೆಗೂ ದಂಡಿನ ಮಗುವಿಗೆ ಕನ್ನಡ ಪೇಟೆಯ ಕಡೆಯ ಮಾತು. ಕಬ್ಬನ್ ಪಾರ್ಕಿನಾಚೆ ಹೋದಾಗ ಕೇಳಿಬರುವ ಮಾತು. ಈಗ ಅದು ರಾಜ್ಯದ ಮಾತಾಯಿತು. 1963ರಲ್ಲಿ ಆಡಳಿತ ಭಾಷಾ ಕಾಯ್ದೆ ಬಂತು, 1966ರಲ್ಲಿ ಪ್ರೌಢ ಶಿಕ್ಷಣ ಪರೀಕ್ಷಾ ಮಂಡಳಿ ಬಂತು. 1981ರಲ್ಲಿ ಕನ್ನಡವೇ ಪ್ರಥಮ ಭಾಷೆಯಾಗಬೇಕೆಂದ ಗೋಕಾಕ್ ವರದಿ, ಮರುವರ್ಷ ಡಾ. ರಾಜ್‌ಕುಮಾರ್ ಬೀದಿಗಿಳಿದ ಚಳವಳಿ. ಎಸ್ಸೆಸ್ಸೆಲ್ಸಿಯಲ್ಲಿ ಪ್ರಥಮ ಭಾಷೆಗೆ 125 ಅಂಕ, ಮಿಕ್ಕ ವಿಷಯಗಳಿಗೆ 100 ಎಂಬ ಈಗಿನ ಲೆಕ್ಕದ ಹಿಂದೆ ಅಷ್ಟೆಲ್ಲ ಕಾವಿದೆ. 2015ರ ಕನ್ನಡ ಭಾಷಾ ಕಲಿಕೆ ಕಾಯ್ದೆಯಂತೆ ಈಗ ಒಂದರಿಂದ ಹತ್ತರವರೆಗೆ ಶಾಲೆಗಳಲ್ಲಿ ಕನ್ನಡ ಕಲಿಸುವುದು ಕಡ್ಡಾಯ.

ಮನೆಯಲ್ಲಿ ತಮಿಳು, ಬೀದಿಯಲ್ಲಿ ಉರ್ದು, ಹಲಗೆಯ ಮೇಲೆ ಇಂಗ್ಲಿಷ್, ಬಸ್ಸಿನ ಫಲಕದಲ್ಲಿ ಕನ್ನಡ. ದಂಡಿನ ಯಾವುದೇ ಹಳೆಯ ಶಾಲೆಯ ಮೇಷ್ಟರ ದಿನಚರಿ ಇದು. ಇಂಥ ತರಗತಿಯಲ್ಲಿ ಕನ್ನಡ ಹೇಳಿಕೊಡುವುದು ಮಂಡ್ಯದಲ್ಲೋ ಧಾರವಾಡದಲ್ಲೋ ಹೇಳಿಕೊಟ್ಟಷ್ಟು ಸಲೀಸಲ್ಲ. ಅಲ್ಲಿ ಮಗು ಮನೆಯಿಂದಲೇ ಭಾಷೆ ಹೊತ್ತು ಬರುತ್ತದೆ, ಮೇಷ್ಟರು ಕಾಗುಣಿತ ತಿದ್ದಿದರೆ ಸಾಕು. ಇಲ್ಲಿ ಭಾಷೆಯನ್ನೇ ಕೊಡಬೇಕು. 'ಳ' ಬಾಯಿಗೆ ಬಂದರೂ 'ಹ' ಹೊರಡದ ನಾಲಿಗೆ, 'ಖ'ವನ್ನು ಗಂಟಲಲ್ಲಿ ಒರೆಸುವ ನಾಲಿಗೆ, ಎಲ್ಲವನ್ನೂ ಒಂದೇ ಬೆಂಚಿನಲ್ಲಿ ಕೂರಿಸಿಕೊಂಡು ಹಳಗನ್ನಡದ ಪದ್ಯ ಓದಿಸಬೇಕು. ಕನ್ನಡದ ಕೆಲಸವೆಂದರೆ ಭಾಷಣ, ಬಾವುಟ ಎಂದುಕೊಂಡವರು ಈ ಮೇಷ್ಟರುಗಳ ತರಗತಿಗೆ ಒಂದು ದಿನ ಬಂದು ಕೂರಬೇಕು. ಗೋಕಾಕ್ ಚಳವಳಿಯ ಫಲವನ್ನು ನೆಲಕ್ಕಿಳಿಸಿದವರಲ್ಲಿ ದಂಡಿನ ಕನ್ನಡ ಪಂಡಿತರ ಪಾಲು ಹಿರಿದು. ಅವರ ಫೋಟೋ ಯಾವ ಕನ್ನಡ ರಾಜ್ಯೋತ್ಸವದ ಫ್ಲೆಕ್ಸಿನಲ್ಲೂ ಬಂದದ್ದು ನೋಡಿಲ್ಲ.

ಈ ಭಾಷೆಗಳ ಜಗಳವೂ ಶಾಲೆಯ ಕಣ್ಣೆದುರೇ ನಡೆದಿದೆ. ಆರ್‌ಬಿಎಎನ್‌ಎಂ ಪ್ರಥಮ ದರ್ಜೆ ಕಾಲೇಜು ಇರುವುದು ಹಲಸೂರು ಕೆರೆಗೆ ಎದುರಾಗಿ, ಅಣ್ಣಸ್ವಾಮಿ ಮೊದಲಿಯಾರ್ ರಸ್ತೆಯಲ್ಲಿ. ಅದೇ ರಸ್ತೆಯಲ್ಲಿ ಬೆಂಗಳೂರು ತಮಿಳ್ ಸಂಗಮ್ ಇದೆ. ಕೆರೆಯ ಬಳಿ 1991ರಲ್ಲಿ ನಿಲ್ಲಿಸಿದ ತಿರುವಳ್ಳುವರ್ ಪ್ರತಿಮೆ 18 ವರ್ಷ ಮುಸುಕು ಹೊದ್ದೇ ನಿಂತಿತ್ತು. ಪ್ರತಿಮೆ ನಿಲ್ಲಿಸಿದ ವರ್ಷವೇ ಕಾವೇರಿ ನೀರಿನ ಗಲಭೆ. ಒಂದನೆಯ ತರಗತಿಗೆ ಸೇರಿದ ಮಗು ಪದವಿ ಮುಗಿಸಿ ಹೊರಬರುವವರೆಗೂ ಅಲ್ಲೊಂದು ಗೋಣಿ ಸುತ್ತಿದ ಆಕಾರವನ್ನೇ ನೋಡಿಕೊಂಡು ಓಡಾಡಿರಬೇಕು. ಕೊನೆಗೆ 2009ರ ಆಗಸ್ಟ್ 9ರಂದು ಬೆಂಗಳೂರಿನಲ್ಲಿ ವಳ್ಳುವರ್, ಆಗಸ್ಟ್ 13ರಂದು ಚೆನ್ನೈನಲ್ಲಿ ಸರ್ವಜ್ಞ ಅನಾವರಣಗೊಂಡರು. ಎರಡು ಸರ್ಕಾರಗಳು 18 ವರ್ಷ ತೆಗೆದುಕೊಂಡು ಮಾಡಿದ್ದನ್ನು ಒಂದು ತರಗತಿ ದಿನವೂ ಹಾಜರಿ ಕರೆಯುವಾಗಲೇ ಮಾಡುತ್ತಿತ್ತು.

ಇನ್ನು ಆಸ್ತಿಯ ವಿಷಯ. ಮೊದಲಿಯಾರರು ಶಾಲೆ ತೆರೆದಾಗ ಹಲಸೂರಿನ ಆಸುಪಾಸು ಹೊಲ, ತೋಟ, ಕೆರೆಯಂಗಳ. ಈಗ ಅದು ನಗರದ ಹೃದಯ. 2011ರ ಅಕ್ಟೋಬರಿನಲ್ಲಿ ಬೈಯಪ್ಪನಹಳ್ಳಿಯಿಂದ ಮಹಾತ್ಮ ಗಾಂಧಿ ರಸ್ತೆಗೆ ಮೊದಲ ಮೆಟ್ರೊ ಓಡಿದ್ದೇ ಹಲಸೂರಿನ ಮೇಲೆ. ಅಂಗುಲಕ್ಕೂ ಬೆಲೆ ಬಂದ ಕಡೆ ಧರ್ಮದ ಆಸ್ತಿಗೆ ಕಣ್ಣು ಬೀಳದೆ ಇರುತ್ತದೆಯೇ? ಸಂಸ್ಥೆಯ ಅನುಭೋಗದಲ್ಲಿದ್ದ ಜಾಗವೊಂದನ್ನು ತಾವು ಕೊಳ್ಳಲು ಬೇರೆ ಯಾರೊಂದಿಗೋ 2018ರಲ್ಲಿ ಕರಾರು ಮಾಡಿಕೊಂಡಿದ್ದೇವೆ, 75 ಲಕ್ಷ ರೂಪಾಯಿ ನಗದು ಮುಂಗಡ ಕೊಟ್ಟಿದ್ದೇವೆ ಎಂದು ಕೆಲವರು ದಾವೆ ಹೂಡಿದರು. ಮಾರುತ್ತೇವೆಂದು ಒಪ್ಪಿದವರನ್ನೇ ದಾವೆಯಲ್ಲಿ ಪ್ರತಿವಾದಿಗಳನ್ನಾಗಿ ಮಾಡಿರಲಿಲ್ಲ! ದಾವೆಯನ್ನು ಆರಂಭದಲ್ಲೇ ವಜಾ ಮಾಡಿ ಎಂದು ಸಂಸ್ಥೆ ಕೇಳಿಕೊಂಡಿತು. ಸಿವಿಲ್ ನ್ಯಾಯಾಲಯ ಒಪ್ಪಲಿಲ್ಲ. ಹೈಕೋರ್ಟಿಗೆ ಹೋಯಿತು, ಅಲ್ಲೂ ಆಗಲಿಲ್ಲ. ಹೈಕೋರ್ಟು ಇರುವುದು ಎಲ್ಲಿ? ಅಠಾರಾ ಕಚೇರಿಯಲ್ಲಿ. ಸ್ಥಾಪಕರು ಕಟ್ಟಿಕೊಟ್ಟ ಕಟ್ಟಡದಲ್ಲೇ ಸ್ಥಾಪಕರ ಶಾಲೆಯ ಕೋರಿಕೆ ಬಿದ್ದುಹೋಯಿತು.

ಸುಪ್ರೀಂ ಕೋರ್ಟ್ 2025ರ ಏಪ್ರಿಲ್ 16ರಂದು ಆ ದಾವೆಯನ್ನು ತಿರಸ್ಕರಿಸಿತು. ಬರೀ ಕ್ರಯದ ಕರಾರಿನಿಂದ ಆಸ್ತಿಯಲ್ಲಿ ಯಾವ ಹಕ್ಕೂ ಹುಟ್ಟುವುದಿಲ್ಲ, ಅದನ್ನು ಹಿಡಿದು ಸ್ವಾಧೀನದಲ್ಲಿರುವ ಮೂರನೆಯವರ ಮೇಲೆ ಬರುವಂತಿಲ್ಲ ಎಂದಿತು. ಅಷ್ಟಕ್ಕೇ ನಿಲ್ಲದೆ, 2 ಲಕ್ಷ ರೂಪಾಯಿ ಅಥವಾ ಅದಕ್ಕೂ ಹೆಚ್ಚು ನಗದು ಕೊಟ್ಟಿದ್ದೇವೆಂದು ಯಾರಾದರೂ ದಾವೆಯಲ್ಲಿ ಹೇಳಿಕೊಂಡರೆ ನ್ಯಾಯಾಲಯಗಳು ಆದಾಯ ತೆರಿಗೆ ಇಲಾಖೆಗೆ ತಿಳಿಸಬೇಕು, ನೋಂದಣಿಗೆ ಬರುವ ಪತ್ರಗಳಲ್ಲಿ ಕಂಡರೆ ಉಪನೋಂದಣಾಧಿಕಾರಿಗಳೂ ತಿಳಿಸಬೇಕು ಎಂದು ದೇಶಕ್ಕೆಲ್ಲ ಅನ್ವಯಿಸುವ ಸೂಚನೆ ಕೊಟ್ಟಿತು. ಹೀಗಾಗಿ ಆರ್‌ಬಿಎಎನ್‌ಎಂ ಎಂಬ ಹೆಸರನ್ನು ಈಗ ಹಲಸೂರನ್ನೇ ನೋಡದ ವಕೀಲರೂ ಉಚ್ಚರಿಸುತ್ತಾರೆ. ಶಾಲೆಯ ಖ್ಯಾತಿ ರ‍್ಯಾಂಕಿನಿಂದ ಬರುತ್ತದೆ, ಆಟದಿಂದ ಬರುತ್ತದೆ. ಕಪ್ಪು ಹಣದ ಮೇಲಿನ ತೀರ್ಪಿನಿಂದ ಬಂದದ್ದು ಅಪರೂಪ. ಮೊದಲಿಯಾರರು ಹಾಕಿದ ಬೇಲಿ 152 ವರ್ಷದ ಮೇಲೂ ಗಟ್ಟಿಯಾಗಿದೆ ಎಂಬುದು ಮಾತ್ರ ಅದರಿಂದ ಖಾತ್ರಿಯಾಯಿತು.

ಬೇಲಿ ಗಟ್ಟಿ ಇದ್ದರೂ ಒಳಗಿನ ಬೆಳೆಯ ಚಿಂತೆ ಇದ್ದೇ ಇದೆ. ಪ್ರಾಥಮಿಕದಿಂದ ಪದವಿಯವರೆಗೆ ಸಂಸ್ಥೆ ಬೆಳೆದಿದೆ. ಸುತ್ತಲೂ ಫೀಸಿನಿಂದಲೇ ಮರ್ಯಾದೆ ಅಳೆಯುವ ಶಾಲೆಗಳೂ ಬೆಳೆದಿವೆ. ಇಂದಿರಾನಗರದಂಥ ಬಡಾವಣೆಯಲ್ಲಿ ಅನುಕೂಲವಿರುವವರ ಮಕ್ಕಳು ಹಳದಿ ಬಸ್ಸು ಹತ್ತಿ ಸಿಬಿಎಸ್‌ಇ, ಐಸಿಎಸ್‌ಇ ಶಾಲೆಗಳಿಗೆ ಹೋಗುತ್ತಾರೆ. ರಾಜ್ಯ ಪಠ್ಯಕ್ರಮದ ಹಳೆಯ ಶಾಲೆಗಳಿಗೆ ಬರುವವರು ಹೂವಿನಂಗಡಿಯವರ, ಚಾಲಕರ, ಮನೆಗೆಲಸದವರ, ರಸೆಲ್ ಮಾರುಕಟ್ಟೆಯ ಕೂಲಿಯವರ ಮಕ್ಕಳು. ಇದನ್ನು ಇಳಿಕೆ ಎಂದು ಮರುಗುವವರಿದ್ದಾರೆ. 1873ರಲ್ಲಿ ಶಾಲೆ ತೆರೆದದ್ದು ಯಾರಿಗಾಗಿ ಎಂದು ಅವರಿಗೆ ನೆನಪಿಸಬೇಕಾಗುತ್ತದೆ. ಬಡ ಮಕ್ಕಳಿಗೆ ಸೀಟು ಮೀಸಲಿಡಿ ಎಂದು ಶಿಕ್ಷಣ ಹಕ್ಕು ಕಾಯ್ದೆ 2010ರಿಂದ ಹೇಳುತ್ತಿರುವುದನ್ನು ಮೊದಲಿಯಾರರು ಯಾರ ಕಾಯ್ದೆಯೂ ಇಲ್ಲದೆ ಮಾಡಿದ್ದರು.

ಇಂಥ ಹಳೆಯ ಶಾಲೆಗಳ ಕಚೇರಿ ಕಿಟಕಿಯ ಮುಂದೆ ಒಂದು ಬೆಳಗ್ಗೆ ನಿಂತರೆ ಇನ್ನೊಂದು ಇತಿಹಾಸ ಕಾಣುತ್ತದೆ. ಪಾಸ್‌ಪೋರ್ಟಿಗೆಂದು ಹುಟ್ಟಿದ ತಾರೀಖು ಕೇಳಿಕೊಂಡು ಬರುವ ಅರವತ್ತು ದಾಟಿದವರು, ಜಾತಿ ಪ್ರಮಾಣ ಪತ್ರಕ್ಕೆ ಅಪ್ಪನ ದಾಖಲೆ ಹುಡುಕಿಸುವ ಮಗ, ವ್ಯಾಸಂಗ ಪ್ರಮಾಣ ಪತ್ರಕ್ಕೆ ಮೂರನೆಯ ಸಲ ಬಂದ ಹುಡುಗಿ. ಗುಮಾಸ್ತರು ಬೀರುವಿನಿಂದ ದಪ್ಪ ರಟ್ಟಿನ ದಾಖಲಾತಿ ರಿಜಿಸ್ಟರ್ ಇಳಿಸಿ, ಧೂಳು ಕೊಡವಿ, ಅಂಚು ಮುರಿಯುವ ಹಾಳೆಗಳನ್ನು ಉಗುರಿನ ತುದಿಯಿಂದ ತಿರುವುತ್ತಾರೆ. ಹೆಸರು, ತಂದೆಯ ಹೆಸರು, ಕಸುಬು, ಮಾತೃಭಾಷೆ, ಬಿಟ್ಟ ಕಾರಣ. ಸರ್ಕಾರದ ಬೇರೆ ಯಾವ ಕಡತದಲ್ಲೂ ಹೆಸರೇ ಇಲ್ಲದ ಎಷ್ಟೋ ಕುಟುಂಬಗಳಿಗೆ ಬೆಂಗಳೂರಿನಲ್ಲಿ ತಾವಿದ್ದೆವು ಎಂಬುದಕ್ಕೆ ಇರುವ ಪುರಾವೆ ಆ ಸಾಲು.

ಇದನ್ನು ಓದುವ ಹಳೆಯ ವಿದ್ಯಾರ್ಥಿಗಳಲ್ಲಿ ಒಂದು ಕೋರಿಕೆ. ದಂಡಿನ ಶಾಲೆಗಳ ಬಗ್ಗೆ ಇಂಗ್ಲಿಷಿನಲ್ಲಿ ಬಂದಿರುವ ಬರಹ ಬಹಳ. ಅದರಲ್ಲಿ ಬಹುಪಾಲು ಬಿಷಪ್ ಕಾಟನ್, ಬಾಲ್ಡ್‌ವಿನ್‌ಗಳದು. ನಿಮ್ಮ ಮನೆಯ ಟ್ರಂಕಿನಲ್ಲಿ ತರಗತಿಯ ಗುಂಪು ಫೋಟೋ, ಹಳೆಯ ಅಂಕಪಟ್ಟಿ, ಮೇಷ್ಟರ ಸಹಿಯ ಪ್ರಗತಿ ಪತ್ರ, ವಾರ್ಷಿಕೋತ್ಸವದ ಕರಪತ್ರ ಏನಿದ್ದರೂ ಅದರ ಒಂದು ಪ್ರತಿಯನ್ನು ಶಾಲೆಗೆ ತಲುಪಿಸಿ. ಫೋಟೋದ ಹಿಂದೆ ಹೆಸರುಗಳನ್ನು ಬರೆದು ಕೊಡಿ. ನಿಮಗೆ ನೆನಪಿರುವವರ ಹೆಸರನ್ನು ಇನ್ನೊಬ್ಬರು ಬರೆಯಲಾರರು. ಮೇಷ್ಟರುಗಳ ಹೆಸರನ್ನಂತೂ ಬಿಡಬೇಡಿ.